ಬಳ್ಳಾರಿ ಸೀಮೆಯ ಇತಿಹಾಸದ ಕೆಲವು ಸ್ವಾರಸ್ಯಗಳು

ಬಳ್ಳಾರಿಯೆಂದರೆ ಬಿಸಿಲು, ಬಂಡೆ ಮತ್ತು ಹತ್ತಿ ಎಂದಷ್ಟೇ ತಿಳಿದವರು ಬಹಳ ಮಂದಿ. ಆದರೆ ಈ ಬಂಡೆಗಳ ಮೈಮೇಲೆ ಬರೆದಿರುವಷ್ಟು ಇತಿಹಾಸ ಬೇರೆ ಸೀಮೆಗಳಲ್ಲಿ ದೊರೆಯುವುದು ಅಪರೂಪ. ಶಿಲಾಯುಗದ ಕೊಡಲಿಯಿಂದ ಭಾಷಾವಾರು ಪ್ರಾಂತ ರಚನೆಯವರೆಗೆ ನಾಡಿನ ಚರಿತ್ರೆಯ ಎಲ್ಲ ಘಟ್ಟಗಳೂ ಇಲ್ಲಿ ತಮ್ಮ ಗುರುತನ್ನು ಉಳಿಸಿಹೋಗಿವೆ. ಅವುಗಳಲ್ಲಿ ಕೆಲವನ್ನು, ವಿಶೇಷವಾಗಿ ಶ್ರಾವಕ ಸಮಾಜಕ್ಕೆ ಸಂಬಂಧಿಸಿದವುಗಳನ್ನು, ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಹೆಸರಿನ ಕಥೆ

ಬಳ್ಳಾರಿ ಎಂಬ ಹೆಸರಿಗೆ ಹಲವು ಕಥೆಗಳುಂಟು. ಬಲನೆಂಬ ಅಸುರನ ಅರಿಯಾದ ಇಂದ್ರನಿಂದ ‘ಬಲಾರಿ’ ಎಂದಾಯಿತೆಂಬುದು ಪೌರಾಣಿಕರ ಮತ. ವ್ಯಾಪಾರಿಗಳಿಗೆ ಹೆಚ್ಚು ಪ್ರಿಯವಾದ ಕಥೆ ಬೇರೆಯೇ ಇದೆ. ಸರಕು ಹೇರಿಕೊಂಡು ಬಂದ ವರ್ತಕರು ಇಲ್ಲಿ ಬೀಡುಬಿಟ್ಟಾಗ, ಪೂಜೆಗೆ ಲಿಂಗ ಸಿಗದೆ, ಧಾನ್ಯ ಅಳೆಯುವ ಬಳ್ಳವನ್ನೇ ಬೋರಲು ಹಾಕಿ ಪೂಜಿಸಿದರಂತೆ. ಅಳತೆಯ ಬಳ್ಳವೇ ದೇವರಾಯಿತು, ಆ ದೇವರಿಂದ ಊರಿಗೆ ಹೆಸರಾಯಿತು ಎಂದು ಜನ ಹೇಳುವರು. ಕಥೆ ನಿಜವಿರಲಿ ಬಿಡಲಿ, ಅಳತೆಯ ಪಾತ್ರೆ ಪೂಜೆಗೆ ಯೋಗ್ಯವಾಗುವಷ್ಟು ಶುದ್ಧವಾಗಿರಬೇಕು ಎಂಬ ನೀತಿ ಅದರಲ್ಲಿ ಅಡಗಿದೆ. ಕುರುಗೋಡನ್ನು ರಾಜಧಾನಿಯಾಗಿ ಮಾಡಿಕೊಂಡು ಸಿಂದ ಅರಸರು ಆಳಿದ ಬಳ್ಳಕುಂದೆ ನಾಡಿನ ಹೆಸರೂ ಇಲ್ಲಿ ಸ್ಮರಣೀಯ.

ನುಡಿಯುವ ಕಲ್ಲು, ಹೆಸರು ಹೇಳಿದ ಶಾಸನ

ನಗರದ ಸಮೀಪದ ಸಂಗನಕಲ್ಲು ಮತ್ತು ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಹೇರಳವಾಗಿ ತಯಾರಿಸುತ್ತಿದ್ದರು. ಬಂಡೆಗಳ ಮೇಲೆ ಎತ್ತು ಹಾಗೂ ಮನುಷ್ಯರ ಆಕೃತಿಗಳನ್ನು ಕುಟ್ಟಿ ಮೂಡಿಸಿದರು. ಅಲ್ಲಿನ ಕೆಲವು ಕಪ್ಪು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುವುದು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದ ಉತ್ಖನನದಲ್ಲಿ ಆ ಯುಗದ ಚಿನ್ನದ ಆಭರಣವೂ ದೊರೆಯಿತು. ಕುಡತಿನಿಯ ಬಳಿಯ ಬೂದಿದಿಬ್ಬವನ್ನು ಜನ ರಾಕ್ಷಸರ ಚಿತಾಭಸ್ಮವೆಂದು ನಂಬಿದ್ದರು. ಅದು ದನದ ಹಟ್ಟಿಗಳ ಸಗಣಿ ಸುಟ್ಟು ಆದ ರಾಶಿಯೆಂದು ರಾಬರ್ಟ್ ಬ್ರೂಸ್ ಫೂಟ್ ಅವರೇ ಮೊದಲಾದ ವಿದ್ವಾಂಸರು ತೋರಿಸಿಕೊಟ್ಟರು.

ಸಿರುಗುಪ್ಪ ಸೀಮೆಗೆ ಇನ್ನೊಂದು ಹಿರಿಮೆಯುಂಟು. ಅಶೋಕನ ಬಹುತೇಕ ಶಾಸನಗಳಲ್ಲಿ ಅವನ ಹೆಸರಿಲ್ಲ; ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇವೆ. ಅಶೋಕ ಎಂಬ ಹೆಸರೇ ಕಾಣುವ ಶಾಸನಗಳು ಕೆಲವೇ ಕೆಲವು. ಮಸ್ಕಿಯದು 1915ರಲ್ಲಿ ಬೆಳಕಿಗೆ ಬಂದಿತು. 1970ರ ದಶಕದ ಕೊನೆಯಲ್ಲಿ ಈ ಸೀಮೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ದೊರೆತವೂ ಆ ಸಾಲಿಗೆ ಸೇರಿದವು. ಅಶೋಕನ ಪಿತಾಮಹ ಚಂದ್ರಗುಪ್ತನು ಭದ್ರಬಾಹು ಸ್ವಾಮಿಗಳೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ಪರಂಪರೆಯನ್ನು ಬಲ್ಲ ಶ್ರಾವಕರಿಗೆ ಮೊಮ್ಮಗನ ಹೆಸರು ಇಲ್ಲಿನ ಬಂಡೆಯಲ್ಲಿ ಸಿಕ್ಕಿರುವುದು ಸಂತೋಷದ ಸಂಗತಿಯೇ ಸರಿ.

ಜಿನಾಲಯಗಳ ಜಾಡು

ಹಳೆಯ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ವಿಶಾಲವಾಗಿತ್ತು. ಅದರ ಮೂಲೆಮೂಲೆಯಲ್ಲೂ ಜಿನಧರ್ಮದ ಕುರುಹುಗಳಿವೆ. ಆಲೂರು ಸೀಮೆಯ ಹಳಹರವಿಯ ಕ್ರಿ. ಶ. 932ರ ಶಾಸನವು ಸಿಂದವಾಡಿ ನಾಡನ್ನಾಳುತ್ತಿದ್ದ ಕನ್ನರನ ಪತ್ನಿ ಚಂದಿಯಬ್ಬೆಯು ನಂದವರದಲ್ಲಿ ಬಸದಿಯನ್ನು ಕಟ್ಟಿಸಿದಳೆಂದು ತಿಳಿಸುತ್ತದೆ. ಕೋಗಳಿಯ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು ಅಲ್ಲಿನ 11ನೆಯ ಶತಮಾನದ ಶಾಸನ ಸ್ಮರಿಸುತ್ತದೆ. ಅದೇ ಬಸದಿಯಲ್ಲಿ ದೇವರ ನಿತ್ಯಾಭಿಷೇಕಕ್ಕಾಗಿ ಸಾಮಾನ್ಯ ಭಕ್ತರು ಕೊಟ್ಟ ಕಾಣಿಕೆಗಳೂ ಕಲ್ಲಿನಲ್ಲಿ ದಾಖಲಾಗಿವೆ. ದೊರೆಯ ದಾನಕ್ಕೂ ಬಡ ಶ್ರಾವಕನ ದಾನಕ್ಕೂ ಒಂದೇ ಉಳಿ, ಒಂದೇ ಕಲ್ಲು!

ರಾಯದುರ್ಗದಲ್ಲಿ ಕ್ರಿ. ಶ. 1355ರಲ್ಲಿ, ಒಂದನೆಯ ಹರಿಹರನ ಆಳ್ವಿಕೆಯಲ್ಲಿ, ಜಿನಬಿಂಬವನ್ನು ಪ್ರತಿಷ್ಠಾಪಿಸಿದವನು ಸೇನಾಪತಿಯೂ ಅಲ್ಲ, ಮಾಂಡಲಿಕನೂ ಅಲ್ಲ, ಭೋಗರಾಜನೆಂಬ ವರ್ತಕ. ಮಾಘನಂದಿ ವ್ರತಿಗಳ ಶಿಷ್ಯನಾದ ಅವನು ಯಾವ ಸರಕಿನ ವ್ಯಾಪಾರ ಮಾಡಿದನೋ, ಎಷ್ಟು ಗಳಿಸಿದನೋ ಯಾರೂ ನೆನೆಯುವುದಿಲ್ಲ. ಕೊಟ್ಟದ್ದು ಮಾತ್ರ ಆರೂವರೆ ಶತಮಾನಗಳಾದರೂ ಅಳಿಯದೆ ನಿಂತಿದೆ.

ಹಂಪೆಯ ‘ಗಾಣಗಿತ್ತಿ’ ಜಿನಾಲಯದ ಹೆಸರು ಕೇಳಿದವರು ಯಾರೋ ಗಾಣಿಗರ ಹೆಂಗಸು ಕಟ್ಟಿಸಿದ್ದೆಂದು ಭಾವಿಸುವರು. ಆದರೆ ಕುಂಥು ಜಿನನಾಥನಿಗಾಗಿ 1385ರಲ್ಲಿ ಅದನ್ನು ಕಟ್ಟಿಸಿದವನು ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನೆಂದು ಎದುರಿಗಿರುವ ಕಂಬದ ಶಾಸನ ಸಾರುತ್ತದೆ. ಖಡ್ಗ ಹಿಡಿದ ಈ ಕೈಯೇ ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟನ್ನೂ ರಚಿಸಿತು. 1426ರಲ್ಲಿ ಎರಡನೆಯ ದೇವರಾಯನು ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯವಿದ್ದದ್ದು ಎಲೆ ಅಡಿಕೆಯ ಅಂಗಡಿ ಬೀದಿಯಲ್ಲಿ. ಪೇಟೆಯ ಗದ್ದಲದ ನಡುವೆಯೇ ವೀತರಾಗನ ನೆಲೆ!

ಕುರುಗೋಡಿಗೆ ಹೋದವರು ದೊಡ್ಡಬಸವೇಶ್ವರನ ಏಕಶಿಲಾ ನಂದಿಯನ್ನು ಕಂಡು ಬೆರಗಾಗುವರು. ಆದರೆ ಅದೇ ಊರಿನ ಜಿನಾಲಯಕ್ಕೆ 1545ರಲ್ಲಿ, ಸದಾಶಿವರಾಯನ ಕಾಲದಲ್ಲಿ, ಭೂದಾನ ದೊರೆತ ವಿಷಯ ತಿಳಿದವರು ವಿರಳ.

ಕೋಟೆ, ಪೇಟೆ, ಸೆರೆಮನೆ

ಬಳ್ಳಾರಿ ಗುಡ್ಡದ ಮೇಲುಕೋಟೆಯನ್ನು ಪಾಳೆಯಗಾರ ಹನುಮಪ್ಪ ನಾಯಕನೂ ಕೆಳಕೋಟೆಯನ್ನು ಹೈದರಾಲಿಯೂ ಕಟ್ಟಿಸಿದರು. ಹೈದರನ ಪರವಾಗಿ ಕೆಲಸ ನಡೆಸಿದ ಫ್ರೆಂಚ್ ಇಂಜಿನಿಯರನು ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವೆಂಬುದನ್ನು ಗಮನಿಸಲಿಲ್ಲವಂತೆ; ಅದಕ್ಕಾಗಿ ಅವನನ್ನು ಗಲ್ಲಿಗೇರಿಸಿದರೆಂಬುದು ಜನಜನಿತ ಕಥೆ. ಪೂರ್ವದ ಬಾಗಿಲ ಬಳಿ ಅವನದೆಂದು ಒಂದು ಗೋರಿಯನ್ನೂ ತೋರಿಸುವ ರೂಢಿಯಿದೆ.

1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕಂಪನಿ ಸರ್ಕಾರಕ್ಕೆ ಒಪ್ಪಿಸಿದ್ದರಿಂದ ‘ದತ್ತ ಮಂಡಲ’ವೆಂಬ ಹೆಸರು ಬಂದಿತು. ಥಾಮಸ್ ಮನ್ರೋ ಇಲ್ಲಿನ ಮೊದಲ ಪ್ರಧಾನ ಕಲೆಕ್ಟರ್. ಬ್ರೂಸ್‌ಪೇಟೆಗೆ 1806ರಿಂದ 1820ರವರೆಗೆ ಇಲ್ಲಿ ನ್ಯಾಯಾಧೀಶನಾಗಿದ್ದ ಪೀಟರ್ ಬ್ರೂಸನ ಹೆಸರಿದೆ. ಕೌಲ್ ಬಜಾರಿನ ಹೆಸರಿನಲ್ಲಿರುವ ‘ಕೌಲು’ ಎಂದರೆ ಸರ್ಕಾರ ಕೊಡುವ ಭರವಸೆಯ ಪತ್ರ.

ಅಲ್ಲೀಪುರದ ಸೆರೆಮನೆಯೂ ಚರಿತ್ರಾರ್ಹ. ಉಪ್ಪಿನ ಸತ್ಯಾಗ್ರಹದಲ್ಲಿ ಬಂಧಿತರಾದ ಕಾಮರಾಜರು ಇಲ್ಲಿ ಸೆರೆವಾಸ ಅನುಭವಿಸಿದರು; ಮುಂದೆ ಅವರು ಮದರಾಸಿನ ಮುಖ್ಯಮಂತ್ರಿಗಳಾದರು. ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಇರಿಸಿದ್ದೂ ಬಳ್ಳಾರಿಯಲ್ಲಿಯೇ. ಕಲೆಯಲ್ಲೂ ಈ ಊರು ಹಿಂದುಳಿಯಲಿಲ್ಲ. ವಕೀಲಿ ವೃತ್ತಿಯ ಬಳ್ಳಾರಿ ರಾಘವರು (1880–1946) ನಟರಾಗಿ ಖ್ಯಾತರಾಗಿ, ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡುಬಂದರು.

ಗಡಿ ಬದಲಾದರೂ

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡು ಹಂಪೆ, ಕೋಗಳಿಗಳೂ ಬೇರೆಯಾದುವು. ಹೀಗೆ ಚಂದಿಯಬ್ಬೆಯ ಶಾಸನ, ಭೋಗರಾಜನ ಪ್ರತಿಷ್ಠೆ, ಇರುಗಪ್ಪನ ಜಿನಾಲಯ, ಎಲ್ಲವೂ ಇಂದು ಜಿಲ್ಲೆಯ ಗಡಿಯಾಚೆ ಇವೆ. ಸರ್ಕಾರದ ಗಡಿ ಬದಲಾಗಬಹುದು. ಧರ್ಮದ ಋಣಕ್ಕೆ ಗಡಿಯಿಲ್ಲ.

ಈ ಸಂಪತ್ತಿಗೆ ಅಪಾಯವೂ ಉಂಟು. ನಾದದ ಬಂಡೆಗಳಿರುವ ಗುಡ್ಡಗಳಿಗೆ ಕಲ್ಲು ಒಡೆಯುವವರಿಂದ ಹಾನಿಯಾಗಿದೆ. ಹಳ್ಳಿಗಳ ಶಾಸನಗಳು ಬಟ್ಟೆ ಒಗೆಯುವ ಕಲ್ಲಾಗುವುದು, ಜೀರ್ಣೋದ್ಧಾರದ ಉತ್ಸಾಹದಲ್ಲಿ ಅಕ್ಷರಗಳ ಮೇಲೆ ಸುಣ್ಣ ಬಣ್ಣಗಳು ಬೀಳುವುದು ನಾಡಿನಲ್ಲಿ ಹೊಸತಲ್ಲ. ನೂತನ ಬಿಂಬಕ್ಕೆ ಪ್ರತಿಷ್ಠೆ ಮಾಡಿಸುವ ಕೈಗಳು ಹಳೆಯ ಜಿನಾಲಯದ ಮುಳ್ಳುಕಂಟಿಯನ್ನೂ ಕೀಳಬೇಕು. ಶಾಸನದ ಕಲ್ಲು ಕಂಡಲ್ಲಿ ಅದನ್ನು ಕದಲಿಸದೆ, ಬಣ್ಣ ಬಳಿಯದೆ, ಪುರಾತತ್ವ ಇಲಾಖೆಗೆ ತಿಳಿಸಬೇಕು. ಕಟ್ಟಿಸಿದವನ ಪುಣ್ಯದಷ್ಟೇ ಕಾಪಾಡಿದವನ ಪುಣ್ಯವೂ ದೊಡ್ಡದೆಂದು ಹಿರಿಯರು ಹೇಳುವರು. ಬಿಂಬಪ್ರತಿಷ್ಠೆಯ ಈ ಶುಭಸಮಯದಲ್ಲಿ ಶ್ರಾವಕ ಬಂಧುಗಳು ಕೋಗಳಿಯ ಹೆಸರಿಲ್ಲದ ದಾನಿಗಳನ್ನೂ ರಾಯದುರ್ಗದ ವರ್ತಕ ಭೋಗರಾಜನನ್ನೂ ಒಮ್ಮೆ ನೆನೆದರೆ, ಆ ಪರಂಪರೆಯ ಮುಂದಿನ ಸಾಲು ತಾವೇ ಎಂಬ ಅರಿವು ತಾನಾಗಿ ಮೂಡುವುದು.