ಕೆಂಪೆಣ್ಣೆಯ ಪೂರ್ವಾಪರ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಟ್ರಾಫಿಕ್ಕಿನಲ್ಲಿ ದಿನವೂ ತಾಸುಗಟ್ಟಲೆ ಕಳೆಯುವ ನಮ್ಮಂಥವರಿಗೆ ಆಟೊಮ್ಯಾಟಿಕ್ ಗೇರಿನ ಕಾರು ಈಗ ಶೋಕಿಯ ವಸ್ತುವಾಗಿ ಉಳಿದಿಲ್ಲ. ಎಡಗಾಲಿಗೆ ಬಿಡುವು ಸಿಕ್ಕರೆ ಸಾಕೆಂದು ಕೊಂಡವರೇ ಹೆಚ್ಚು. ಹಾಗೆ ಕೊಂಡ ಕಾರಿಗೆ ಏಳೆಂಟು ವರ್ಷ ತುಂಬಿದಾಗ ಒಂದು ಪ್ರಶ್ನೆ ಏಳುತ್ತದೆ: ಗೇರ್‌ಬಾಕ್ಸಿನ ಎಣ್ಣೆ ಬದಲಿಸಬೇಕೆ, ಬೇಡವೆ? ಒಬ್ಬ ಮೆಕ್ಯಾನಿಕ್ ‘ಅದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ’ ಎನ್ನುತ್ತಾನೆ. ಇನ್ನೊಬ್ಬ ‘ಇಷ್ಟು ದಿನ ಬಿಟ್ಟದ್ದೇ ತಪ್ಪು’ ಎನ್ನುತ್ತಾನೆ. ಈ ಜಗಳದ ಬೇರು ಹುಡುಕುತ್ತ ಹೋದರೆ ನೂರು ವರ್ಷಕ್ಕೂ ಹಿಂದಿನ ಒಂದು ಹಡಗುಕಟ್ಟೆಗೆ ಮುಟ್ಟುತ್ತೇವೆ. ದಾರಿಯಲ್ಲಿ ತಿಮಿಂಗಿಲ ಸಿಗುತ್ತದೆ, ಮರುಭೂಮಿಯ ಒಂದು ಪೊದೆಯೂ ಸಿಗುತ್ತದೆ.

ಆ ಹಡಗುಕಟ್ಟೆ ಇದ್ದದ್ದು ಆಗಿನ ಜರ್ಮನಿಯ ಸ್ಟೆಟಿನ್ ಎಂಬ ಊರಿನಲ್ಲಿ. ಈಗ ಅದು ಪೋಲೆಂಡಿಗೆ ಸೇರಿದೆ. ಅಲ್ಲಿನ ವುಲ್ಕನ್ ಕಂಪನಿಯ ಇಂಜಿನಿಯರ್ ಹರ್ಮನ್ ಫಟಿಂಗರ್ ಎದುರಿಗೆ ಒಂದು ತೊಡಕಿತ್ತು. ಉಗಿಯ ಟರ್ಬೈನು ಅತಿವೇಗದಲ್ಲಿ ತಿರುಗಬೇಕು, ಹಡಗಿನ ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ನಡುವೆ ಹಲ್ಲುಚಕ್ರಗಳ ಬದಲು ದ್ರವವನ್ನೇ ಇಟ್ಟರೆ ಹೇಗೆ ಎಂದು ಆತ ಯೋಚಿಸಿದ. 1905ರಲ್ಲಿ ಪೇಟೆಂಟ್ ಪಡೆದ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೆ ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗುತ್ತದಲ್ಲ, ತತ್ವ ಅಷ್ಟೇ. ಗಾಳಿಯ ಜಾಗದಲ್ಲಿ ದ್ರವ, ಅದೂ ಮುಚ್ಚಿದ ಪಾತ್ರೆಯೊಳಗೆ.

ಹಡಗಿನಿಂದ ಇದು ಕಾರಿಗಿಳಿಯಲು ದಶಕಗಳೇ ಹಿಡಿದವು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಲ್ಲಿ ಅರ್ಲ್ ಥಾಂಪ್ಸನ್ ಮುಂದಾಳುತನದ ತಂಡ ‘ಹೈಡ್ರಾ-ಮ್ಯಾಟಿಕ್’ ಗೇರ್‌ಬಾಕ್ಸನ್ನು ಸಿದ್ಧಪಡಿಸಿತು. 1939ರಲ್ಲಿ ಪ್ರಕಟವಾಗಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಅದು ಬಂತು. ಕ್ಲಚ್ ಪೆಡಲೇ ಇಲ್ಲ, ಮುಂದಕ್ಕೆ ನಾಲ್ಕು ಗೇರು, ಬದಲಾವಣೆ ತಾನಾಗಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹಗುರ ಟ್ಯಾಂಕುಗಳಿಗೂ ಇದೇ ಗೇರ್‌ಬಾಕ್ಸ್ ಹೋಯಿತು.

ಅಲ್ಲಿಗೆ ಎಣ್ಣೆಯ ಹಣೆಬರಹವೇ ಬದಲಾಯಿತು. ಸಾಮಾನ್ಯ ಗೇರ್‌ಬಾಕ್ಸಿನಲ್ಲಿ ಎಣ್ಣೆಯದು ಮುಖ್ಯವಾಗಿ ಸವೆತ ತಡೆಯುವ ಕೆಲಸ. ಇಲ್ಲಿ ಅದು ಇಂಜಿನ್ನಿನ ಶಕ್ತಿ ಹೊರಬೇಕು, ಒತ್ತಡದಿಂದ ವಾಲ್ವುಗಳನ್ನು ಸರಿಸಬೇಕು, ಶಾಖ ಸಾಗಿಸಬೇಕು, ಜಾರಿಸಬೇಕು. ಇದೆಲ್ಲದರ ಜೊತೆಗೆ ಒಳಗಿನ ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿಯುವಾಗ ಕಾರು ಜಗ್ಗದಂತೆ, ಹಾಗೆಂದು ಜಾರುತ್ತಲೇ ಇರದಂತೆಯೂ ನೋಡಿಕೊಳ್ಳಬೇಕು. ಜಾರಬೇಕು, ಹಿಡಿಯಲೂಬೇಕು. ಒಂದೇ ಎಣ್ಣೆಯಿಂದ ಎರಡು ವಿರುದ್ಧ ಗುಣಗಳನ್ನು ಕೇಳಿದ ಹಾಗಾಯಿತು.

1949ರಲ್ಲಿ ಜನರಲ್ ಮೋಟರ್ಸ್ ಈ ಎಣ್ಣೆಗೆ ‘ಟೈಪ್ ಎ’ ಎಂಬ ಮಾನದಂಡ ಹೊರಡಿಸಿತು. ಇತಿಹಾಸದ ದೃಷ್ಟಿಯಿಂದ ಇದು ಚಿಕ್ಕ ಸಂಗತಿಯಲ್ಲ. ಯಾವ ಎಣ್ಣೆ ಕಂಪನಿಯಾದರೂ ಪರೀಕ್ಷೆಯಲ್ಲಿ ಪಾಸಾಗಿ ಡಬ್ಬಿಯ ಮೇಲೆ ಅರ್ಹತೆಯ ನಂಬರು ಹಾಕಿ ಮಾರಬಹುದಿತ್ತು. ಎಣ್ಣೆ ಕಾರು ಕಂಪನಿಯ ಗುಟ್ಟಾಗಿ ಉಳಿಯದೆ ಪೆಟ್ರೋಲ್ ಬಂಕಿನ ಕಪಾಟಿಗೆ ಬಂತು. ಇಂಜಿನ್ ಆಯಿಲಿನಿಂದ ಬೇರೆಯೆಂದು ತಿಳಿಯಲು, ಸೋರಿದರೆ ಯಾವುದು ಸೋರಿತೆಂದು ಗುರುತಿಸಲು ಕೆಂಪು ಬಣ್ಣ ಬೆರೆಸುವ ರೂಢಿಯೂ ನೆಲೆಗೊಂಡಿತು. ತನ್ನ ಕಾರಿನ ಎಣ್ಣೆಯನ್ನು ಮನೆಯಂಗಳದಲ್ಲಿ ತಾನೇ ಬದಲಿಸುವ ಅಮೆರಿಕನ್ನನ ಅಭ್ಯಾಸಕ್ಕೆ ಈ ಡಬ್ಬಿಯ ನಂಬರು ಒಂದು ಆಧಾರ.

ಆದರೆ ಆ ಡಬ್ಬಿಯೊಳಗೆ ಬೇರೊಂದು ಕಥೆಯಿತ್ತು. ಜಾರುವ-ಹಿಡಿಯುವ ಹದ ತರಲು ಖನಿಜ ಎಣ್ಣೆಗೆ ಬೆರೆಸುತ್ತಿದ್ದ ವಸ್ತುಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯೂ ಒಂದು. ರಾಸಾಯನಿಕವಾಗಿ ನೋಡಿದರೆ ಅದು ಬಹುಪಾಲು ದ್ರವರೂಪದ ಮೇಣ. ಕಾವಿಗೆ ತೀರ ತೆಳ್ಳಗಾಗದು, ಬೇಗ ಅಂಟಾಗದು, ಲೋಹಕ್ಕೆ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೀಪ ಉರಿಸಿದ ಆ ಎಣ್ಣೆ ಸೀಮೆಎಣ್ಣೆ ಬಂದ ಮೇಲೆ ಬಳಕೆಯಿಂದ ಹೋಯಿತೆಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಅದು ದೀಪದಿಂದ ಯಂತ್ರದೊಳಕ್ಕೆ ಸರಿದು ಕಣ್ಣಿಗೆ ಕಾಣದಾಯಿತು. 1967ರಲ್ಲಿ ಬಂದ ‘ಡೆಕ್ಸ್ರಾನ್’ ಎಣ್ಣೆಯ ಕಾಲಕ್ಕೂ ಸಾಗರದ ಜೀವಿಯ ಕೊಬ್ಬು ಕಾರಿನ ಹೊಟ್ಟೆಯಲ್ಲಿ ಸುತ್ತುತ್ತಿತ್ತು.

1970ರಲ್ಲಿ ಅಮೆರಿಕ ಸರಕಾರ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿ, ಅದರ ಎಣ್ಣೆಯ ಆಮದಿಗೆ ತಡೆ ಹಾಕಿತು. ಇಂಜಿನಿಯರುಗಳು ಬದಲಿಗಾಗಿ ಹುಡುಕಾಡಿದರು. 1973ರ ಹೊತ್ತಿಗೆ ಬಂದ ‘ಡೆಕ್ಸ್ರಾನ್-2’ ತಿಮಿಂಗಿಲವನ್ನು ಬಿಟ್ಟಿತು. ಆದರೆ ಅದರ ಮೊದಲ ರೂಪ ಎಣ್ಣೆ ತಂಪು ಮಾಡುವ ಕೂಲರಿನ ಬೆಸುಗೆಯನ್ನು ತಿನ್ನತೊಡಗಿತು. ಆ ಕೂಲರ್ ಇರುವುದು ರೇಡಿಯೇಟರಿನೊಳಗೆ. ಅಲ್ಲಿ ಬೆಸುಗೆ ಬಿಟ್ಟರೆ ನೀರು ಗೇರ್‌ಬಾಕ್ಸಿಗೆ ಹೋಗುತ್ತದೆ, ಗೇರ್‌ಬಾಕ್ಸ್ ಕೆಡುತ್ತದೆ. ಕೆಲವೇ ವರ್ಷಗಳಲ್ಲಿ ತುಕ್ಕುನಿರೋಧಕ ಸೇರಿಸಿ ತಿದ್ದಿದರು. ಒಂದು ಪ್ರಾಣಿಯನ್ನು ಉಳಿಸಲು ತೆತ್ತ ಬೆಲೆಯಲ್ಲಿ ಯಾರೋ ಕಾರು ಮಾಲೀಕರ ರಿಪೇರಿ ಬಿಲ್ಲೂ ಸೇರಿದೆ ಎಂಬುದನ್ನು ಮರೆಯಬಾರದು. ಅಷ್ಟಾದರೂ ಆ ಬೆಲೆ ದುಬಾರಿಯಲ್ಲ.

ಬದಲಿಯ ಹುಡುಕಾಟದಲ್ಲಿ ಬೆಳಕಿಗೆ ಬಂದದ್ದು ಜೊಜೊಬಾ. ಅಮೆರಿಕ-ಮೆಕ್ಸಿಕೊ ಗಡಿಯ ಸೊನೊರಾ ಮರುಭೂಮಿಯ ಪೊದೆ ಇದು. ಇದರ ಬೀಜದ ತೂಕದಲ್ಲಿ ಸುಮಾರು ಅರ್ಧ ಭಾಗ ದ್ರವಮೇಣ, ಗುಣದಲ್ಲಿ ತಿಮಿಂಗಿಲದ ಎಣ್ಣೆಗೆ ತೀರ ಹತ್ತಿರ. ಅಲ್ಲಿನ ಮೂಲನಿವಾಸಿಗಳು ಅದನ್ನು ಮೊದಲಿನಿಂದಲೂ ಕೂದಲಿಗೆ, ಚರ್ಮಕ್ಕೆ ಹಚ್ಚುತ್ತಿದ್ದರು. ನಮ್ಮಲ್ಲೂ ಈ ಬೆಳೆ ರಾಜಸ್ಥಾನದ ಒಣನೆಲಕ್ಕೆ ಬಂದಿದೆ. ಆದರೆ ಇಳುವರಿ ನಿಧಾನ, ಬೆಲೆ ಹೆಚ್ಚು. ಹಾಗಾಗಿ ಕಾರಿಗೆಂದು ಹೊರಟ ಜೊಜೊಬಾ ಕೊನೆಗೆ ಶಾಂಪೂ ಬಾಟಲಿಯಲ್ಲಿ ನೆಲೆ ಕಂಡಿತು. ಗೇರ್‌ಬಾಕ್ಸಿಗೆ ಕಾರ್ಖಾನೆಯ ರಾಸಾಯನಿಕಗಳೇ ಗತಿಯಾದವು.

ಮುಂದಿನ ತಿರುವು ಡಿಪ್‌ಸ್ಟಿಕ್ ಮಾಯವಾದದ್ದು. ಹಳೆಯ ಆಟೊಮ್ಯಾಟಿಕ್ ಕಾರುಗಳಲ್ಲಿ ಬಾನೆಟ್ ಎತ್ತಿ ಕಡ್ಡಿ ಎಳೆದರೆ ಎಣ್ಣೆಯ ಮಟ್ಟ, ಬಣ್ಣ, ವಾಸನೆ ಎಲ್ಲವೂ ತಿಳಿಯುತ್ತಿತ್ತು. ಸುಟ್ಟ ವಾಸನೆ ಬಂದರೆ ಎಚ್ಚರಾಗಬಹುದಿತ್ತು. ಬರಬರುತ್ತ ಹಲವು ಕಂಪನಿಗಳು ಆ ಕಡ್ಡಿಯನ್ನೇ ತೆಗೆದವು. ಒಂದೊಂದು ಗೇರ್‌ಬಾಕ್ಸಿಗೆ ಒಂದೊಂದು ಎಣ್ಣೆ, ಒಂದೊಂದು ಹೆಸರು. ಮೇಲೆ ‘ಜೀವಮಾನದ ಎಣ್ಣೆ’ ಎಂಬ ಮಾತು. ಯಾರ ಜೀವಮಾನ? ಕಾರಿನದೊ, ವಾರಂಟಿಯದೊ, ಮೊದಲ ಮಾಲೀಕನದೊ? ಹಲವು ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್ ಎಫ್ ಸಂಸ್ಥೆಯೇ ನಿಗದಿತ ಓಟದ ನಂತರ ಎಣ್ಣೆ ಬದಲಿಸಲು ಶಿಫಾರಸು ಮಾಡುತ್ತದೆ. 1949ರ ಡಬ್ಬಿ ಮಾಲೀಕನ ಕೈಗೆ ಕೊಟ್ಟಿದ್ದ ತಿಳಿವಳಿಕೆಯನ್ನು ಈ ಒಂದು ಪದ ಸದ್ದಿಲ್ಲದೆ ಹಿಂದಕ್ಕೆ ಪಡೆಯಿತು. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವ ಮಧ್ಯಮವರ್ಗಕ್ಕೆ ಇದರ ಬಿಸಿ ಹೆಚ್ಚು ತಟ್ಟುತ್ತದೆ.

ಹಾಗೆಂದು ಸ್ಪ್ಯಾನರು ಹಿಡಿದು ಕಾರಿನಡಿ ನುಗ್ಗುವುದು ಜಾಣತನವಲ್ಲ. ನಮ್ಮಲ್ಲಿ ಆಟೊಮ್ಯಾಟಿಕ್ ಎಂದರೆ ಒಂದೇ ಜಾತಿಯಲ್ಲ. 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ಜನಪ್ರಿಯವಾದ ಎಎಂಟಿಯ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್, ಅದಕ್ಕೆ ಈ ಕೆಂಪೆಣ್ಣೆ ಅಲ್ಲ. ಸಿವಿಟಿಗೆ ಅದರದೇ ಎಣ್ಣೆ, ಬೇರೆಯದನ್ನು ಸುರಿದರೆ ಗೇರ್‌ಬಾಕ್ಸೇ ಹೋದೀತು. ಆದ್ದರಿಂದ ಮೊದಲ ಕೆಲಸ ಕಾರಿನ ಪುಸ್ತಕ ಓದುವುದು. ಸಮತಟ್ಟಾದ ಜಾಗ ಬೇಕು, ಜ್ಯಾಕ್ ಒಂದನ್ನೇ ನಂಬಿ ಅಡಿಗೆ ಹೋಗಬಾರದು, ಗಟ್ಟಿ ಸ್ಟ್ಯಾಂಡ್ ಇರಬೇಕು. ಬಸಿಯುವ ಬೋಲ್ಟಿಗೆ ಕೈ ಹಾಕುವ ಮೊದಲು ತುಂಬಿಸುವ ಬೋಲ್ಟು ಬಿಚ್ಚುತ್ತದೆಯೆ ನೋಡಬೇಕು. ಇಲ್ಲವಾದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಟೋಯಿಂಗ್ ಗಾಡಿಗೆ ಕಾಯಬೇಕಾಗುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಬಹಳಷ್ಟು ಎಣ್ಣೆ ಉಳಿಯುವುದರಿಂದ ಒಂದು ಸಲ ಬಸಿದರೆ ಪೂರ್ತಿ ಬರುವುದಿಲ್ಲ. ಬಂದಷ್ಟನ್ನು ಅಳೆದು ಅಷ್ಟೇ ಹೊಸದನ್ನು ಹಾಕಿ, ಕಂಪನಿ ಹೇಳಿದ ಉಷ್ಣತೆಯಲ್ಲಿ ಮಟ್ಟ ನೋಡಬೇಕು. ತಳದ ಅಯಸ್ಕಾಂತಕ್ಕೆ ಅಂಟಿದ ನುಣ್ಣನೆ ಬೂದು ಕೆಸರು ಸಹಜ. ಲೋಹದ ಚೂರು ಕಂಡರೆ ಮಾತ್ರ ಮೆಕ್ಯಾನಿಕ್ಕನ್ನು ಕರೆಯಬೇಕು.

ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಕಪ್ಪಿಟ್ಟ ಮೂರ್ನಾಲ್ಕು ಲೀಟರ್ ಎಣ್ಣೆ. ನಮ್ಮ ಕಾನೂನಿನ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದನ್ನು ಡಬ್ಬಿಗೆ ತುಂಬಿಸಿ, ಹಳೆ ಎಣ್ಣೆಯನ್ನು ಅಧಿಕೃತ ಮರುಬಳಕೆಯವರಿಗೆ ಒಪ್ಪಿಸುವ ಗ್ಯಾರೇಜಿಗೆ ಕೊಡಬೇಕೇ ಹೊರತು ಸೊಸೈಟಿಯ ಗಟಾರಕ್ಕೆ ಸುರಿಯಬಾರದು. ಮುಂಬಯಿಯ ನಾಲೆಗಳೆಲ್ಲ ಕಡೆಗೆ ಸೇರುವುದು ಅರಬ್ಬಿ ಸಮುದ್ರವನ್ನೇ. ಐವತ್ತು ವರ್ಷಗಳ ಹಿಂದೆ ಈ ಎಣ್ಣೆಯ ಡಬ್ಬಿಯಿಂದ ಬಿಡುಗಡೆ ಪಡೆದ ತಿಮಿಂಗಿಲದ ಬಳಗ ಅಲ್ಲಿಯೂ ಈಜಾಡಿಕೊಂಡಿದೆ.