ಸ್ಕಿಜೋಫ್ರೀನಿಯಾ: ನೈರೋಬಿಯಲ್ಲಿ ಆರೈಕೆಯ ಚರಿತ್ರೆ

ಯಾರೂ ಇಲ್ಲದಾಗಲೂ ಕಿವಿಯಲ್ಲಿ ಮಾತು ಕೇಳಿಸುವುದು, ತನಗೆ ಯಾರೋ ಕೇಡು ಬಗೆಯುತ್ತಿದ್ದಾರೆಂಬ ಅಲುಗದ ಸಂಶಯ, ಮಾತಿನ ಎಳೆ ತಪ್ಪುವುದು, ಬರಬರುತ್ತ ಸ್ನಾನ, ಊಟ, ಕೆಲಸಗಳಲ್ಲಿ ಆಸಕ್ತಿ ಉಡುಗುವುದು ಸ್ಕಿಜೋಫ್ರೀನಿಯಾದ ಮುಖ್ಯ ಲಕ್ಷಣಗಳು. ಹೆಚ್ಚಾಗಿ ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರಿಂದ ಮೂವತ್ತರೊಳಗೆ ತೋರುವ ಈ ಕಾಯಿಲೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗಿದೆ. ಸ್ವಿಟ್ಜರ್ಲೆಂಡಿನ ವೈದ್ಯ ಆಯ್ಗನ್ ಬ್ಲಾಯ್ಲರ್ ಇದಕ್ಕೆ ಈಗಿನ ಹೆಸರನ್ನು ಕೊಟ್ಟದ್ದು 1908ರಲ್ಲಿ.

ಎರಡು ವರ್ಷ ಕಳೆದು 1910ರಲ್ಲಿ ನೈರೋಬಿಯ ಹುಚ್ಚಾಸ್ಪತ್ರೆ ಆರಂಭವಾಯಿತು. ಅದಕ್ಕೆ ಮೊದಲು ಅಲ್ಲಿ ಸಿಡುಬಿನ ರೋಗಿಗಳನ್ನು ಬೇರ್ಪಡಿಸಿ ಇಡುತ್ತಿದ್ದರು. 1924ರಲ್ಲಿ ಅದಕ್ಕೆ ಮಥಾರಿ ಮಾನಸಿಕ ಆಸ್ಪತ್ರೆ ಎಂದು ಹೆಸರಾಯಿತು. ವಸಾಹತು ಆಡಳಿತ ಊರನ್ನು ವಿಂಗಡಿಸಿದಂತೆಯೇ ವಾರ್ಡುಗಳನ್ನೂ ವಿಂಗಡಿಸಿತ್ತು: ಯುರೋಪಿಯನ್ನರಿಗೆ ಒಂದು, ಏಷ್ಯನ್ನರಿಗೆ, ಎಂದರೆ ಬಹುಪಾಲು ಭಾರತೀಯರಿಗೆ, ಇನ್ನೊಂದು, ಆಫ್ರಿಕನ್ನರಿಗೆ ಮತ್ತೊಂದು.

1938ರಿಂದ 1950ರವರೆಗೆ ಮಥಾರಿಯ ಹೊಣೆ ಹೊತ್ತಿದ್ದವರು ಜೆ. ಸಿ. ಕ್ಯಾರದರ್ಸ್. ಹುದ್ದೆ ಹಿಡಿದಾಗ ಅವರಿಗೆ ಮನೋವೈದ್ಯಶಾಸ್ತ್ರದ ತರಬೇತಿಯೇ ಇರಲಿಲ್ಲ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿ, ಆಫ್ರಿಕನ್ನರಲ್ಲಿ ಮನೋರೋಗ ವಿರಳ ಎಂದು ಅವರು ತೀರ್ಮಾನಿಸಿದರು. ಹಳ್ಳಿಗಳಲ್ಲಿ ಮನೆಯವರೇ ನೋಡಿಕೊಳ್ಳುತ್ತಿದ್ದ, ನಾಟಿ ವೈದ್ಯರಾದ ಮ್ಗಂಗಾಗಳ ಬಳಿ ಹೋಗುತ್ತಿದ್ದ ರೋಗಿಗಳು ಆ ಲೆಕ್ಕಕ್ಕೆ ಸಿಗುವಂತಿರಲಿಲ್ಲ. 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಗ್ರಂಥದಲ್ಲಿ ಅವರು ಇನ್ನೂ ಮುಂದೆ ಹೋಗಿ, ಆಫ್ರಿಕನ್ನರು ಮಿದುಳಿನ ಮುಂಭಾಗವನ್ನು ಪೂರ್ತಿ ಬಳಸುವುದಿಲ್ಲ ಎಂದು ಬರೆದರು. ಇದು ವಿಜ್ಞಾನದ ವೇಷ ತೊಟ್ಟ ಜನಾಂಗ ದ್ವೇಷ. ಮನೋವೈದ್ಯ ಫ್ರಾಂಟ್ಸ್ ಫಾನನ್ 1961ರಲ್ಲಿ ಇದನ್ನು ಕಟುವಾಗಿ ಖಂಡಿಸಿದರು.

ಈ ಖಂಡನೆಗಿಂತ ದೊಡ್ಡ ಉತ್ತರ ಕೆಲಸದ ಮೂಲಕ ಬಂತು. ನೈಜೀರಿಯಾದ ಮನೋವೈದ್ಯ ಟಿ. ಎ. ಲಾಂಬೊ 1954ರಲ್ಲಿ ಅಬೆಯೊಕುಟಾ ಬಳಿಯ ಆರೋ ಎಂಬಲ್ಲಿ ರೋಗಿಗಳನ್ನು ಬಂಧುಗಳೊಂದಿಗೆ ಸುತ್ತಲ ಹಳ್ಳಿಮನೆಗಳಲ್ಲಿ ಇರಿಸಿ ಚಿಕಿತ್ಸೆ ಕೊಡತೊಡಗಿದರು. ಅದೇ ದಶಕದಲ್ಲಿ ಅಮೃತಸರದಲ್ಲಿ ವಿದ್ಯಾಸಾಗರ್ ಅವರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಗಳ ಜೊತೆಗೇ ಇರಿಸಿಕೊಂಡರು. ಮುಂದೆ ಲಾಂಬೊ ವಿಶ್ವ ಆರೋಗ್ಯ ಸಂಸ್ಥೆಯ ಉಪ ಮಹಾನಿರ್ದೇಶಕರಾದರು. ಒಂಬತ್ತು ದೇಶಗಳಲ್ಲಿ ಆ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ ನೈಜೀರಿಯಾದ ಇಬಾದಾನ್ ಮತ್ತು ಭಾರತದ ಆಗ್ರಾದ ರೋಗಿಗಳು ಶ್ರೀಮಂತ ದೇಶಗಳವರಿಗಿಂತ ಹೆಚ್ಚು ಚೇತರಿಸಿಕೊಂಡದ್ದು ಕಂಡುಬಂತು. ಅದಕ್ಕೆ ಕುಟುಂಬದ ಆಸರೆಯೇ ಕಾರಣವೆಂಬ ವಿವರಣೆಯನ್ನು ನಂತರದ ಸಂಶೋಧಕರು ಪ್ರಶ್ನಿಸಿದ್ದಾರೆ. ಚಿಕಿತ್ಸೆಯೇ ಇಲ್ಲದೆ ಬೀದಿಪಾಲಾದವರು ನೈಜೀರಿಯಾ, ಭಾರತಗಳಲ್ಲೂ ಬಹಳ ಎಂಬುದನ್ನು ಮರೆಯಲಾಗದು.

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ರೋಗಿ ಮನೆಯಲ್ಲೇ ಇದ್ದು ಚೇತರಿಸಿಕೊಳ್ಳುವುದು ಸಾಧ್ಯವಾಯಿತು. ದಿನವೂ ಮಾತ್ರೆ ನುಂಗಲು ಒಪ್ಪದವರಿಗೆ ವಾರಗಟ್ಟಲೆ ಕೆಲಸ ಮಾಡುವ ಫ್ಲುಫೆನಜಿನ್ ಚುಚ್ಚುಮದ್ದು ಇದೆ. ಲಕ್ಷಣ ಇಳಿದ ಕೂಡಲೇ ಔಷಧ ನಿಲ್ಲಿಸುವುದು ಕಾಯಿಲೆ ಮರುಕಳಿಸಲು ಮುಖ್ಯ ಕಾರಣ. ಕೀನ್ಯಾದಲ್ಲಿ ಹಲವರು ಜಗಿಯುವ ಮಿರಾ ಎಂಬ ಉತ್ತೇಜಕ ಸಸ್ಯ ಅತಿಯಾದರೂ ಈ ರೋಗಿಗಳಿಗೆ ಕೇಡೇ.

ಕೀನ್ಯಾದ ಕಾನೂನು ನಿಧಾನವಾಗಿ ಬದಲಾಯಿತು. 1989ರ ಮಾನಸಿಕ ಆರೋಗ್ಯ ಕಾಯ್ದೆ ಸ್ವಇಚ್ಛೆಯಿಂದ ದಾಖಲಾಗಲು ಅವಕಾಶ ಕೊಟ್ಟಿತ್ತು. 2022ರ ತಿದ್ದುಪಡಿ ರೋಗಿಯ ಹಕ್ಕುಗಳನ್ನು ಬಿಡಿಸಿ ಹೇಳಿ, ಕೌಂಟಿ ಸರ್ಕಾರಗಳ ಮೇಲೂ ಹೊಣೆ ಹೊರಿಸಿತು. ಹೀಗಿದ್ದರೂ ಥಿಕಾ ರಸ್ತೆಯ ಮಥಾರಿಯೇ ಇಂದಿಗೂ ದೇಶದ ಪ್ರಧಾನ ಮನೋರೋಗ ಆಸ್ಪತ್ರೆ. ನಗರದ ದಕ್ಷಿಣಕ್ಕಿರುವ ಸೌತ್ ಸಿ ಬಡಾವಣೆಯ ಕುಟುಂಬಕ್ಕೆ ಊರು ದಾಟಿ ಹೋದರೆ ಅದು ಸಿಗುತ್ತದೆ. ದೂರದ ಕೌಂಟಿಗಳವರಿಗೆ ಅದು ಇಡೀ ದಿನದ ಪ್ರಯಾಣ.

ಚಿಕಿತ್ಸೆಯೇ ಊರಿಗೆ ಹೋಗಬೇಕೆಂಬುದಕ್ಕೆ ಕರ್ನಾಟಕದಲ್ಲಿ ನಿದರ್ಶನವಿದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟಿತು; ಅದೇ 1996ರಲ್ಲಿ ಭಾರತದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮುಂದೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ ಔಷಧ ಮುಟ್ಟಿಸಿದಾಗ, ಅವರ ದಿನನಿತ್ಯದ ಅಸಾಮರ್ಥ್ಯ ತಗ್ಗಿದ್ದು ದಾಖಲಾಗಿದೆ. ಕಾಯಿಲೆ ಹಲವು ವರ್ಷ ಹಳೆಯದಾಗಿದ್ದವರಲ್ಲೂ ಸುಧಾರಣೆ ಕಂಡಿತು. ಆದ್ದರಿಂದ, ತಡವಾಯಿತೆಂದು ಯಾವ ಮನೆಯವರೂ ಚಿಕಿತ್ಸೆಯನ್ನು ಕೈಬಿಡಬಾರದು.