ಯೋಧನ ಜನಾಝ: ರಾಷ್ಟ್ರದ ಗೌರವ, ಜಮಾಅತಿನ ಹೊಣೆ

ಮದೀನಾದ ಮಸೀದಿಯಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಮಹಿಳೆಯಿದ್ದರು. ಕೆಲವು ದಿನ ಅವರು ಕಾಣದಿದ್ದಾಗ ಪ್ರವಾದಿವರ್ಯರು(ಸ) ವಿಚಾರಿಸಿದರು. ಆಕೆ ತೀರಿಕೊಂಡಿದ್ದರು, ಸಹಾಬಿಗಳು ದಫನವನ್ನೂ ಮುಗಿಸಿದ್ದರು. ಪ್ರವಾದಿವರ್ಯರಿಗೆ ತಿಳಿಸುವಷ್ಟು ದೊಡ್ಡ ವಿಷಯವೆಂದು ಅವರಿಗೆ ಅನಿಸಿರಲಿಲ್ಲ. ಪ್ರವಾದಿವರ್ಯರು(ಸ) ಅದಕ್ಕೆ ಅಸಮಾಧಾನ ಸೂಚಿಸಿ, ಕಬರ್ ಎಲ್ಲಿದೆಯೆಂದು ಕೇಳಿ, ಅಲ್ಲಿಗೇ ಹೋಗಿ ನಮಾಝ್ ಮಾಡಿದರು.

ಕಳೆದ ಜುಮುಅ ಖುತ್ಬಾದಲ್ಲಿ ನಾವು ಈ ಘಟನೆಯನ್ನು ನೆನಪಿಸಲು ಕಾರಣವಿತ್ತು. ನಮ್ಮ ಮೊಹಲ್ಲಾದ ಹಿರಿಯರೊಬ್ಬರು ತೀರಿಕೊಂಡರು. ಪ್ರತಿದಿನ ಫಜ್ರ್‌ಗೆ ಮೊದಲ ಸಫ್‌ನಲ್ಲಿ ನಿಲ್ಲುತ್ತಿದ್ದವರು. ಕಬರಿಗೆ ಮಣ್ಣು ಹಾಕಿ ಮರಳಿದ ಮೇಲೆ ಅವರ ಮಗ ಹಳೆಯ ಟ್ರಂಕಿನಿಂದ ಪದಕಗಳನ್ನೂ ಡಿಸ್ಚಾರ್ಜ್ ಪುಸ್ತಕವನ್ನೂ ತೆಗೆದು ತೋರಿಸಿದರು. ಅವರು ಸೇನೆಯಲ್ಲಿ ಹವಲ್ದಾರರಾಗಿದ್ದವರೆಂದು ನಮಗೆ ಆಗಲೇ ತಿಳಿದದ್ದು. ಇಷ್ಟು ವರ್ಷ ಜೊತೆಯಲ್ಲಿ ನಮಾಝ್ ಮಾಡಿಯೂ ನಾವು ಕೇಳಿರಲಿಲ್ಲ. ನಮಗೆ ನಾಚಿಕೆಯಾಯಿತು.

ಹುತಾತ್ಮರನ್ನು ಗೌರವದಿಂದ ಕಳುಹಿಸಿಕೊಡುವುದು ನಮಗೆ ಹೊಸದಲ್ಲ. ಹಿಜ್ರಿ 3ರಲ್ಲಿ ನಡೆದ ಉಹುದ್ ಯುದ್ಧದಲ್ಲಿ ಮುಸ್ಲಿಮರ ಧ್ವಜ ಹಿಡಿದಿದ್ದ ಮುಸ್‌ಅಬ್ ಬಿನ್ ಉಮೈರ್(ರ) ಹುತಾತ್ಮರಾದಾಗ ಕಫನ್‌ಗೆ ಸಿಕ್ಕಿದ್ದು ಒಂದೇ ತುಂಡು ಬಟ್ಟೆ. ತಲೆ ಮುಚ್ಚಿದರೆ ಪಾದ ಕಾಣುತ್ತಿತ್ತು, ಪಾದ ಮುಚ್ಚಿದರೆ ತಲೆ ಕಾಣುತ್ತಿತ್ತು. ತಲೆಗೆ ಬಟ್ಟೆ ಹೊದಿಸಿ ಪಾದಗಳ ಮೇಲೆ ಇದ್‌ಖಿರ್ ಹುಲ್ಲು ಹಾಕಲು ಪ್ರವಾದಿವರ್ಯರು(ಸ) ಹೇಳಿದರು. ಗೌರವಕ್ಕೆ ಸಂಪತ್ತು ಬೇಕಿಲ್ಲ, ಗಮನ ಬೇಕು.

ನಮ್ಮ ದೇಶದ ಇತಿಹಾಸದಿಂದ ಒಂದು ಜನಾಝವನ್ನು ನೋಡೋಣ. ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್ 1912ರ ಜುಲೈ 15ರಂದು ಇಂದಿನ ಉತ್ತರ ಪ್ರದೇಶದಲ್ಲಿ ಜನಿಸಿದರು. ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು ಬಲೂಚ್ ರೆಜಿಮೆಂಟ್ ಸೇರಿದರು. 1947ರಲ್ಲಿ ದೇಶ ವಿಭಜನೆಯಾದಾಗ ಆ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಅತ್ತ ಬರುವಂತೆ ಒತ್ತಾಯಗಳು ಬಂದರೂ ಉಸ್ಮಾನ್ ಭಾರತದಲ್ಲೇ ಉಳಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಜಮ್ಮು ಪ್ರದೇಶದ ಝಂಗರ್ ಕೈತಪ್ಪಿತು. ಅದನ್ನು ಮರಳಿ ಪಡೆಯುವ ತನಕ ಮಂಚದ ಮೇಲೆ ಮಲಗುವುದಿಲ್ಲವೆಂದು ಅವರು ಶಪಥ ಮಾಡಿ ಚಳಿಯಲ್ಲೂ ಚಾಪೆಯ ಮೇಲೆಯೇ ಮಲಗಿದರು. 50ನೇ ಪ್ಯಾರಾಶೂಟ್ ಬ್ರಿಗೇಡಿನ ನಾಯಕರಾಗಿ 1948ರ ಫೆಬ್ರವರಿಯಲ್ಲಿ ನೌಶೇರಾವನ್ನು ಕಾಪಾಡಿದರು, ಮಾರ್ಚ್‌ನಲ್ಲಿ ಝಂಗರನ್ನು ಮರಳಿ ಗೆದ್ದರು. ಜುಲೈ 3ರಂದು ಅದೇ ಝಂಗರ್‌ನಲ್ಲಿ ಫಿರಂಗಿ ಗುಂಡಿಗೆ ಬಲಿಯಾದರು. 36 ವರ್ಷ ತುಂಬಲು ಇನ್ನೂ 12 ದಿನಗಳಿದ್ದವು.

ಅವರ ಪಾರ್ಥಿವ ಶರೀರವನ್ನು ದೆಹಲಿಗೆ ತಂದು ಸರ್ಕಾರಿ ಗೌರವಗಳೊಂದಿಗೆ ಜಾಮಿಯಾ ಮಿಲ್ಲಿಯಾ ಬಳಿಯ ಕಬರಸ್ತಾನದಲ್ಲಿ ದಫನ ಮಾಡಲಾಯಿತು. ಪ್ರಧಾನಿ ನೆಹರೂ ಮತ್ತು ಅವರ ಸಂಪುಟದ ಸಹೋದ್ಯೋಗಿಗಳು ಬಂದಿದ್ದರು. ಮರಣೋತ್ತರವಾಗಿ ಮಹಾವೀರ ಚಕ್ರ ನೀಡಲಾಯಿತು. ವಿಭಜನೆಯ ರಕ್ತ ಇನ್ನೂ ಆರದ ದಿನಗಳವು. ಮುಸ್ಲಿಮರ ನಿಷ್ಠೆಯನ್ನು ಬೀದಿಬೀದಿಯಲ್ಲಿ ಪ್ರಶ್ನಿಸಲಾಗುತ್ತಿತ್ತು. ಆಗ ಒಬ್ಬ ಮುಸ್ಲಿಮ್ ಯೋಧನ ಜನಾಝದ ಹಿಂದೆ ದೇಶದ ಪ್ರಧಾನಿ ನಡೆದರು.

ಇಂತಹ ಗೌರವಗಳು ಶರೀಅತ್‌ಗೆ ಅಡ್ಡಿಯಾಗುವುದಿಲ್ಲವೇ ಎಂದು ಕೆಲವರು ನಮ್ಮನ್ನು ಕೇಳುತ್ತಾರೆ. ಸೇನೆಯ ಕ್ರಮ ಹೀಗಿದೆ: ಕೇಸರಿ ಬಣ್ಣ ತಲೆಯ ಕಡೆಗೆ ಬರುವಂತೆ ತ್ರಿವರ್ಣ ಧ್ವಜ ಹೊದಿಸುತ್ತಾರೆ. ಸೈನಿಕರು ಬಂದೂಕಿನ ನಳಿಕೆ ಕೆಳಮುಖವಾಗಿಸಿ ತಲೆಬಾಗಿ ನಿಲ್ಲುತ್ತಾರೆ. ಗಾಳಿಯಲ್ಲಿ ಗುಂಡು ಹಾರಿಸಿ ವಂದಿಸುತ್ತಾರೆ, ಬ್ಯೂಗಲ್ ಊದುತ್ತಾರೆ. ಧ್ವಜವನ್ನು ಕಬರಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ ಎಂದು ರಾಷ್ಟ್ರಧ್ವಜ ಸಂಹಿತೆಯೇ ಹೇಳುತ್ತದೆ. ಆದ್ದರಿಂದ ಧ್ವಜವನ್ನು ಮೊದಲೇ ತೆಗೆಯುತ್ತಾರೆ, ಮಯ್ಯಿತ್ ಕಫನ್‌ನಲ್ಲೇ ಮಣ್ಣು ಸೇರುತ್ತದೆ. ಗುಸ್ಲ್, ಕಫನ್, ನಮಾಝ್, ದಫನ ಈ ನಾಲ್ಕು ನಮ್ಮ ಫರ್ಝ್ ಕಿಫಾಯ. ಸೇನೆ ಅವುಗಳಲ್ಲಿ ಕೈಹಾಕುವುದಿಲ್ಲ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಉಸ್ಮಾನರ ಸಮಾಧಿಯ ಕಲ್ಲು ಒಡೆದಿರುವ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೊನೆಗೆ ಸೇನೆಯೇ ಅದನ್ನು ದುರಸ್ತಿ ಮಾಡಿಸಿತು. ಕಬರ್ ಇದ್ದದ್ದು ನಮ್ಮವರ ಕಬರಸ್ತಾನದಲ್ಲಿ, ಸುತ್ತಲೂ ಇದ್ದವರು ನಮ್ಮವರು. ನಮ್ಮ ಹಿರಿಯರ ತ್ಯಾಗವನ್ನು ದೇಶ ಮರೆತಿದೆ ಎಂದು ನಾವು ದೂರುತ್ತೇವೆ. ದೂರಿನಲ್ಲಿ ಸತ್ಯವಿರಬಹುದು. ಆದರೆ ನಾವೇ ನೆನಪಿಟ್ಟಿದ್ದೇವೆಯೇ?

ಆದ್ದರಿಂದ ನಮ್ಮ ಮಸೀದಿ ಕಮಿಟಿ ಒಂದು ತೀರ್ಮಾನ ಮಾಡಿದೆ. ಜಮಾಅತಿನಲ್ಲಿರುವ ಮಾಜಿ ಸೈನಿಕರ ಹೆಸರು, ರೆಜಿಮೆಂಟ್, ಸೇವೆಯ ವಿವರಗಳನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತೇವೆ. ಮರಣ ಸಂಭವಿಸಿದರೆ ಸಮೀಪದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ತಕ್ಷಣ ತಿಳಿಸುತ್ತೇವೆ. ಎಲ್ಲ ನಿವೃತ್ತರಿಗೂ ಗುಂಡಿನ ವಂದನೆ ಸಿಗುತ್ತದೆಂದಲ್ಲ. ದರ್ಜೆ, ಪದಕ, ಸಂದರ್ಭಗಳಿಗೆ ತಕ್ಕಂತೆ ಅದು ಬೇರೆಬೇರೆ. ಯಾರೂ ಬರದಿದ್ದರೆ ಅದಕ್ಕಾಗಿ ದಫನವನ್ನು ತಡಮಾಡುವುದಿಲ್ಲ. ಆದರೆ ಜನಾಝ ನಮಾಝ್‌ಗೆ ಮೊದಲು ಎರಡು ನಿಮಿಷ ಆ ವ್ಯಕ್ತಿ ಎಲ್ಲಿ, ಎಷ್ಟು ವರ್ಷ ದುಡಿದರೆಂದು ಜಮಾಅತಿಗೆ ಹೇಳುತ್ತೇವೆ. ನಿಮ್ಮ ಮನೆಯಲ್ಲೂ ಅಂತಹ ಟ್ರಂಕ್ ಇದ್ದರೆ ಇಂದೇ ತೆರೆಯಿರಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬದುಕಿರುವಾಗಲೇ ಅಜ್ಜನನ್ನು ಕೇಳಿ.

ಅಲ್ಲಾಹನು ನಮ್ಮ ಮರ್ಹೂಮರ ಕಬರುಗಳನ್ನು ಪ್ರಕಾಶಮಯಗೊಳಿಸಲಿ, ಅವರ ಹಕ್ಕನ್ನು ತಿಳಿದು ಸಲ್ಲಿಸುವ ತೌಫೀಕ್ ನಮಗೆ ನೀಡಲಿ. ಆಮೀನ್.